ಎರಡು ಬಾಗಿಲಿನದು

ಕ್ಯಾಟಲಾಗಿನಲ್ಲಿ ಒಂದೇ ಗಾಡಿಗೆ ಎಷ್ಟೊಂದು ಮೈ!
ನೆತ್ತಿ ಬೋಳಾದದ್ದು ರೋಡ್‌ಸ್ಟರ್.
ಬಟ್ಟೆಯ ಮಾಡು ಹೊದ್ದದ್ದು ಫೇಟನ್.
ಇಬ್ಬರಿಗೇ ಮುಗಿಯುವ ಕೂಪೆ,
ಅದರ ಡಿಕ್ಕಿ ಎತ್ತಿದರೆ ಬಯಲಲ್ಲೊಂದು ಸೀಟು,
'ಇದು ಮದುವೆಯಾಗದವರಿಗೆ' ಎಂದು ನಕ್ಕು
ಅಜ್ಜಿಯಿಂದ ಏಟು ತಿಂದ ಅಣ್ಣ ವೈಕ್ಕೊ.
ಮನೆಮಂದಿಗೆಂದೇ ಇದ್ದವು ಎರಡು:
ಟ್ಯೂಡರ್, ಫೋರ್ಡರ್.
ಯಾವುದೋ ರಾಜಮನೆತನ ಅಂದುಕೊಂಡಿದ್ದೆ.
ಅಲ್ಲ, ಬಾಗಿಲ ಲೆಕ್ಕ ಅಷ್ಟೆ.
ಟೂ ಡೋರ್. ಫೋರ್ ಡೋರ್.

ಅಮ್ಮ ಬೆರಳಿಟ್ಟದ್ದು ನಾಲ್ಕರ ಮೇಲೆ,
ಅಪ್ಪ ಕೊಂಡು ತಂದದ್ದು ಎರಡರದು.
ನಡುವೆ ಇದ್ದದ್ದು ನೂರು ಡಾಲರು,
ಅಂದರೆ ತಾಮ್ರದ ಗಣಿಯಲ್ಲಿ ಅಪ್ಪ
ಒಂದು ತಿಂಗಳು ಸೂರ್ಯನ ಮುಖ ನೋಡದಿರುವುದು.
'ಬಾಗಿಲೇನು ತಿನ್ನೋಕಾಗುತ್ತಾ, ಸೈಮಾ?' ಅಂದ.
ಅಮ್ಮ ಟೋಪಿಯ ಪಿನ್ನು ಸರಿಮಾಡಿಕೊಂಡಳು.

ಭಾನುವಾರ ಚರ್ಚಿಗೆ ಹೊರಟರೆ
ಮುಂದಿನ ಸೀಟು ಅಜ್ಜಿಯದು, ಅವಳ ಮಂಡಿಗಳದು.
ಅದನ್ನು ಮಡಚಿ, ಸೊಂಟ ಬಗ್ಗಿಸಿ,
ಲಂಗ ಮುದುರಿ ಹಿಡಿದು
ಹಿಂದಕ್ಕೆ ತೂರಿಕೊಳ್ಳುವಳು ಅಮ್ಮ,
ಕೋಳಿಗೂಡಿಗೆ ಕೈಹಾಕಿದ ಹಾಗೆ, ಮೊದಲು ತಲೆ.
ಇಳಿಯುವಾಗಲೂ ಅವಳೇ ಕೊನೆ.
ನಾನು ಹುಟ್ಟಿದ ಮೇಲೂ, ಆಯ್ನೊ ಹುಟ್ಟಿದ ಮೇಲೂ,
ಮೂರು ವರ್ಷ
ಆ ಗಾಡಿಯ ಒಂದು ಬಾಗಿಲನ್ನೂ ಅವಳು ಕೈಯಾರೆ ತೆಗೆಯಲಿಲ್ಲ.

ನನಗೆ ಇಷ್ಟವಾದದ್ದು ಆ ಗಾಜಿನ ಕಿಂಡಿ.
ಪೆಟ್ರೋಲು ತುಂಬಿದ್ದು ಮುಂಗಾಜಿನ ಕೆಳಗೆ, ಅಪ್ಪನ ಮಡಿಲೆದುರಿಗೇ.
ಎಷ್ಟು ಉಳಿದಿದೆಯೆಂದು ಕಿಂಡಿಯಲ್ಲಿ
ಅಂಕಿಗಳು ಎದ್ದು ಮುಳುಗಿ ಹೇಳುತ್ತಿದ್ದವು.
ಮೂವತ್ತೆರಡರಲ್ಲಿ ಗಣಿಯ ಸೈರನ್ ಕೂಗುವುದು ನಿಂತಿತು.
ಅಂಕಿಗಳೂ ಮೇಲೇಳಲಿಲ್ಲ.

ಆ ಮಾರ್ಚಿನಲ್ಲಿ, ಹಿಮ ಇನ್ನೂ ಸೊಂಟದುದ್ದ ಇರುವಾಗ,
ಅಪ್ಪನೂ ಪಕ್ಕದ ಮನೆಯ ಅರ್ವೋನೂ
ಗರಗಸ ಹಿಡಿದು ಅದರ ಬೆನ್ನು ಕೊಯ್ದರು.
ಎರಡು ದಿನ. ಹಂದಿ ಕೊಯ್ಯುವಾಗಲೂ
ಇಷ್ಟು ಸುಮ್ಮನಿರುತ್ತಿರಲಿಲ್ಲ ಅವರು.
ಹಿಂದೆ ಬರ್ಚ್ ಹಲಗೆ ಬಡಿದರು, ಆಲೂಗಡ್ಡೆಗೆ, ಹಾಲಿನ ಕ್ಯಾನಿಗೆ.
ಕ್ಯಾಟಲಾಗಿನ ಯಾವ ಪುಟದಲ್ಲೂ ಇಲ್ಲದ ಮೈ.
ಹೆಸರಿಡಲು ಕಂಪನಿಯವರು ಯಾರೂ ಬರಲಿಲ್ಲ.

ಅಪ್ಪ ಮರ ಕಡಿಯುವ ಕ್ಯಾಂಪಿಗೆ ಹೋದ.
ಹೋಗುವ ಹಿಂದಿನ ಸಂಜೆ ಅಮ್ಮನನ್ನು ಕೂರಿಸಿಕೊಂಡು,
ಇಲ್ಲ, ತಪ್ಪಿದೆ,
ಅಮ್ಮನೇ ಅವನನ್ನು ಕೂರಿಸಿಕೊಂಡು
ಚರ್ಚಿನವರೆಗೆ ಹೋಗಿ ಬಂದಳು.
'ಎಡಗಡೆಯ ಸನ್ನೆ ಮೇಲಕ್ಕೆ ತಳ್ಳದೆ ಹ್ಯಾಂಡಲು ತಿರುಗಿಸಬೇಡ,
ಮಣಿಕಟ್ಟು ಮುರಿಯುತ್ತೆ.'
ಅವನು ಹೇಳಿಕೊಟ್ಟದ್ದು ಅಷ್ಟು.
ಮಿಕ್ಕಿದ್ದನ್ನು ಮೂರು ವರ್ಷ ಹಿಂದಿನಿಂದ
ಅವನ ಹೆಗಲಾಚೆ ನೋಡಿಯೇ ಕಲಿತಿದ್ದಳು.

ಕಿತ್ತ ಹಿಂದಿನ ಸೀಟನ್ನು ಸೌನಾದ ಗೋಡೆಗೆ ಆನಿಸಿಟ್ಟರು.
ಶನಿವಾರ ರಾತ್ರಿ ಮೈಯೆಲ್ಲ ಹೊಗೆಯಾಡುತ್ತಾ
ಹೊರಗೆ ಬಂದು ಅದರ ಮೇಲೆ ಕೂರುವಳು ಅಮ್ಮ,
ಒಂದು ಸಲ ಬಲದಿಂದ, ಒಂದು ಸಲ ಎಡದಿಂದ,
ಎದುರಿಗೆ ಹಿಮ, ಹಿಮದಾಚೆ ಸುಪೀರಿಯರ್ ಸರೋವರ.
ಸ್ಪ್ರಿಂಗು ಕಿರುಗುಟ್ಟುವುದು.
ಎಲ್ಲಿಗೂ ಹೋಗದ ಗಾಡಿ.
ಆಮೇಲೆ ಅದರಲ್ಲಿ ಕೋಳಿ ಕಾವು ಕೂತಿತು.

ಉಳಿದರ್ಧ ಟ್ರ್ಯಾಕ್ಟರಾಯಿತು, ಗರಗಸದ ಎಂಜಿನ್ನಾಯಿತು,
ಒಂದು ದಿನ ಏನೂ ಆಗದೆ ನಿಂತಿತು.

ಮೊನ್ನೆ ಡೆಟ್ರಾಯ್ಟಿನಿಂದ ಒಬ್ಬ ಬಂದಿದ್ದ,
ಹಳೆಯ ಗಾಡಿಗಳ ಹುಚ್ಚಿನವನು, ನಯವಾದ ಹುಡುಗ.
ಕಾಫಿ ಕುಡಿಯುತ್ತಾ ಕೇಳಿದ: ನಿಮ್ಮದು ಯಾವ ಬಾಡಿ?
ಏನು ಹೇಳುವುದು.
ಬೇರೆ ಬೇರೆ ವರ್ಷ ಬೇರೆ ಬೇರೆ, ಅಂದೆ.
ಅಸಲಿ ಬಿಡಿಭಾಗ ಏನಾದರೂ ಉಳಿದಿದೆಯೇ?
ಉಳಿದಿದೆ. ಬಾಗಿಲ ಹಿಡಿ, ಒಂದೇ,
ಓಡಿಸುವವರ ಕಡೆಯದು.
ಒಳ್ಳೆ ಬೆಲೆ ಹೇಳಿದ, ಪರ್ಸನ್ನೂ ತೆಗೆದ.

ಕೊಡೋಕಾಗಲ್ಲಪ್ಪಾ, ಅಂದೆ,
ಅದು ಸೌನಾದ ಬಾಗಿಲಲ್ಲಿದೆ.
ಇವತ್ತು ಶನಿವಾರ.